ಡಾಸ್ಕ್‌ವೋಲ್ ನಗರ: ದೀರ್ಘ ಬಳಕೆಯ ನಂತರದ ವಿಮರ್ಶೆ

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದು ಪಾತ್ರವಾಗಿ ಕತೆ ಕಟ್ಟುವ ಟೇಬಲ್‌ಟಾಪ್ ಆಟಕ್ಕೆ ಕಾಲ್ಪನಿಕ ಊರು ಹುಡುಕುವವರು ಮೊದಲು ನೋಡುವುದು ನಕಾಶೆ. ಒಂದೆರಡು ಕ್ಯಾಂಪೇನ್ (ವಾರಗಟ್ಟಲೆ ಮುಂದುವರಿಯುವ ಕತೆ) ಮುಗಿಯುವಷ್ಟರಲ್ಲಿ ಬೇರೆಯೇ ಪ್ರಶ್ನೆ ದೊಡ್ಡದಾಗುತ್ತದೆ: ಆಟಗಾರರು ಇವತ್ತು ಮಾಡಿದ ಕಿತಾಪತಿಗೆ ಮುಂದಿನ ವಾರ ಊರು ಏನು ಮಾಡುತ್ತದೆ? ಈ ಲೆಕ್ಕದಲ್ಲಿ ಜಾನ್ ಹಾರ್ಪರ್ ಅವರ ‘ಬ್ಲೇಡ್ಸ್ ಇನ್ ದ ಡಾರ್ಕ್’ (2017) ಆಟದ ಡಾಸ್ಕ್‌ವೋಲ್‌ಗೇ ಮೊದಲ ಸ್ಥಾನ.

ಆಟಗಾರರು ಇಲ್ಲಿ ಒಂದು ಕಳ್ಳರ ಗ್ಯಾಂಗು. ಸೂರ್ಯ ಒಡೆದುಹೋದ ಲೋಕ. ಪ್ರೇತಗಳು ಒಳಬರದಂತೆ ಊರ ಸುತ್ತ ಮಿಂಚಿನ ಬೇಲಿ. ಆ ಬೇಲಿ ಉರಿಯುವುದು ಕಡಲಿನ ಲೆವಯಥನ್ ಎಂಬ ದೈತ್ಯ ಜೀವಿಗಳ ರಕ್ತದಿಂದ. ದಕ್ಕೆಯನ್ನು (ಮೀನುಗಾರಿಕಾ ಬಂದರು) ನೋಡಿ ಬೆಳೆದ ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋಟು ಬಾರದಿದ್ದರೆ ಊರೇ ಕತ್ತಲೆ ಎಂದರೆ ಸಾಕು. ಬೋಟಿನ ಸಾಲ ಯಾರದ್ದು, ರಕ್ತ ಇಳಿಸುವ ಗೋದಾಮು ಯಾರ ಕೈಯಲ್ಲಿ, ಮಳೆಗಾಲದಲ್ಲಿ ಇಲ್ಲೂ ರಜೆ ಉಂಟಾ ಎಂದು ಅವರೇ ಕೇಳತೊಡಗುತ್ತಾರೆ.

ಊರಿನಲ್ಲಿ 12 ಪೇಟೆಗಳು. ಪ್ರತಿಯೊಂದಕ್ಕೂ ಸಂಪತ್ತು, ಭದ್ರತೆ, ಅಪರಾಧಿಗಳ ಹಿಡಿತ, ಪ್ರೇತವಿದ್ಯೆ ಎಂಬ ನಾಲ್ಕು ಅಂಕಗಳು, ಜೊತೆಗೆ ಕೆಲವು ಮುಖ್ಯ ಜಾಗಗಳು ಮತ್ತು ಜನ. ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಬರೆದರೆ ಯಾರೂ ಓದುವುದಿಲ್ಲ. ನಿಜವಾದ ಬಲ ಇರುವುದು ‘ಹೀಟ್’ ಲೆಕ್ಕದಲ್ಲಿ, ಅಂದರೆ ಗ್ಯಾಂಗಿನ ಮೇಲೆ ಕಾನೂನಿನ ಕಣ್ಣು ಎಷ್ಟು ಬಿತ್ತು ಎಂಬುದರಲ್ಲಿ. ಸದ್ದಿಲ್ಲದೆ ಮುಗಿದ ಕೆಲಸಕ್ಕೆ 0, ಹತೋಟಿಯಲ್ಲಿದ್ದರೆ 2, ಗಲಾಟೆಯಾದರೆ 4, ಊರೆಲ್ಲ ಎದ್ದರೆ 6. ಹೆಣ ಬಿದ್ದರೆ ಮೇಲೆ ಇನ್ನೂ 2. ಒಂಬತ್ತು ಚೌಕ ತುಂಬಿದರೆ ವಾಂಟೆಡ್ ಮಟ್ಟ ಒಂದು ಏರುತ್ತದೆ, ಮತ್ತು ಗ್ಯಾಂಗಿನವರೋ, ಅವರ ಗೆಳೆಯರೋ, ಸಿಕ್ಕಿಸಿಹಾಕಿದ ಶತ್ರುವೋ ಜೈಲಿಗೆ ಹೋಗದೆ ಅದು ಇಳಿಯುವುದಿಲ್ಲ. ಸತ್ತವರ ಪ್ರೇತ ಮೂರು ದಿನದೊಳಗೆ ಎದ್ದುಬಿಡುವ ಊರಾದ್ದರಿಂದ ಕೊಲೆಯಾದ ಕೂಡಲೇ ಚಿತಾಗಾರದ ಗಂಟೆ ತಾನಾಗಿ ಹೊಡೆಯುತ್ತದೆ, ಕಾಗೆ ಹಾರಿಬಂದು ಜಾಗ ತೋರಿಸುತ್ತದೆ, ಹಿಂದೆಯೇ ಪ್ರೇತಗಳನ್ನು ನೋಡಿಕೊಳ್ಳುವ ಸ್ಪಿರಿಟ್ ವಾರ್ಡನ್‌ಗಳು. ಸಿಕ್ಕಸಿಕ್ಕವರನ್ನು ಕಡಿಯುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಚಾಳಿ ಈ ಒಂದು ಗಂಟೆಯಿಂದ ಬಿಟ್ಟುಹೋಗುತ್ತದೆ. ಡಿಎಂ (ಆಟ ನಡೆಸಿಕೊಡುವವರು) ಉಪದೇಶ ಮಾಡಬೇಕಾಗಿಲ್ಲ.

ಕೆಡುವುದು ಎಲ್ಲಿ? ಪುಸ್ತಕದಲ್ಲಿರುವ ಗುಂಪುಗಳನ್ನೆಲ್ಲ ಒಟ್ಟಿಗೆ ಓಡಿಸಲು ಹೋದಾಗ. ಕ್ರೋಸ್ ಫುಟ್ ಪೇಟೆಯ ಮೂರು ಗ್ಯಾಂಗುಗಳು, ಅಂದರೆ ಲ್ಯಾಂಪ್‌ಬ್ಲ್ಯಾಕ್ಸ್, ರೆಡ್ ಸ್ಯಾಶಸ್, ಕ್ರೋಸ್, ಇವುಗಳಿಂದ ಶುರುಮಾಡಿ. ಒಂದೊಂದಕ್ಕೂ ಒಂದು ಗುರಿ, ಆ ಗುರಿಗೆ ಕಷ್ಟ ನೋಡಿ 4, 6 ಅಥವಾ 8 ತುಂಡಿನ ಗಡಿಯಾರ, ಅಂದರೆ ಒಂದೊಂದೇ ತುಂಡು ತುಂಬುತ್ತಾ ಹೋಗುವ ವೃತ್ತ. ಪ್ರತಿ ಸೆಷನ್ ನಂತರ ಎರಡು ಗಡಿಯಾರ ಮಾತ್ರ ಮುಂದಕ್ಕೆ, ಅದೂ ಆಟಗಾರರ ಕಣ್ಣೆದುರೇ. ಗುಟ್ಟಾಗಿ ತುಂಬಿದ ಗಡಿಯಾರದಿಂದ ಬಂದ ಪೆಟ್ಟು ಅವರಿಗೆ ಅನ್ಯಾಯ ಅನಿಸುತ್ತದೆ. ಇನ್ನೊಂದು ಗುಂಡಿ ಯುದ್ಧದ್ದು: ಯಾವುದಾದರೂ ಗುಂಪಿನೊಂದಿಗೆ ಸಂಬಂಧ ತೀರಾ ಕೆಳಗಿನ -3ಕ್ಕೆ ಇಳಿದರೆ, ಎರಡು ಕಳ್ಳತನಗಳ ನಡುವಿನ ಬಿಡುವಿನ ಕೆಲಸ ಎರಡರ ಬದಲು ಒಂದೇ. ಸ್ಟ್ರೆಸ್ (ಪಾತ್ರಗಳ ಒತ್ತಡದ ಅಂಕ) ಇಳಿಸುವುದೋ, ಹೀಟ್ ಇಳಿಸುವುದೋ? ಎರಡು ಮೂರು ಸೆಷನ್ ಹೀಗೇ ಎಳೆದರೆ ಇಡೀ ಗ್ಯಾಂಗ್ ಮುಳುಗುತ್ತದೆ. ರಾಜಿಯ ಷರತ್ತನ್ನು ಬೇಗನೇ ಮೇಜಿನ ಮೇಲಿಡಿ, ಷರತ್ತು ಕಹಿಯಾಗಿದ್ದರೂ ಪರವಾಗಿಲ್ಲ.

ಒಂದು ಕಳ್ಳತನ ಎರಡು ಮೂರು ಗಂಟೆಯಲ್ಲಿ ಮುಗಿಯುವುದರಿಂದ ಮಣಿಪಾಲದಿಂದ ಬಂದವರಿಗೆ ಕೊನೆಯ ಬಸ್ಸು ಸಿಗುತ್ತದೆ; ಒಬ್ಬಿಬ್ಬರು ಬಾರದಿದ್ದರೂ ಕತೆ ನಿಲ್ಲುವುದಿಲ್ಲ. ನಕಾಶೆಯನ್ನು ಎ3 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಮ್ಯಾಟ್ ಲ್ಯಾಮಿನೇಶನ್ ಮಾಡಿಸುವುದು ಕಡ್ಡಾಯ. ಬರೀ ಕಾಗದ ಕರಾವಳಿಯ ಆಟಿ ತಿಂಗಳ ಮಳೆಯಲ್ಲಿ ಸುರುಟಿ, ಬೂಸ್ಟು ಹಿಡಿಯುತ್ತದೆ. ಹೊಳಪಿನ ಲ್ಯಾಮಿನೇಶನ್ ಆದರೆ ಟ್ಯೂಬ್‌ಲೈಟ್ ಕೆಳಗೆ ಏನೂ ಕಾಣುವುದಿಲ್ಲ. ಎಸ್‌ಆರ್‌ಡಿ ಎಂಬ ಮೂಲ ನಿಯಮಗಳ ಕಡತ ಉಚಿತ, ಹಾಗಾಗಿ ಕೊಳ್ಳುವ ಮೊದಲು ಓದಿ ನೋಡಬಹುದು.

ಉಳಿದ ಊರುಗಳಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ‘ವಾಟರ್‌ಡೀಪ್: ಡ್ರ್ಯಾಗನ್ ಹೈಸ್ಟ್’ (2018) ಪಾತ್ರಗಳ 1ರಿಂದ 5ನೇ ಲೆವೆಲ್‌ವರೆಗೆ, ಹೊಸಬರಿಗೆ ಚೆನ್ನ. ಹೆಸರಿನಲ್ಲಿರುವ ಕನ್ನ (ಹೈಸ್ಟ್) ಮಾತ್ರ ಪುಸ್ತಕದಲ್ಲಿ ಇಲ್ಲ! ಐದು ಲಕ್ಷ ಚಿನ್ನದ ನಾಣ್ಯಗಳ ಹಿಂದೆ ಓಡುವುದಷ್ಟೇ. ನಾಲ್ವರು ಖಳರಲ್ಲಿ ಒಬ್ಬರನ್ನು ಆರಿಸಿಕೊಂಡರೆ ಉಳಿದ ಮೂರು ಅಡಗುತಾಣಗಳ ಪುಟಗಳು ದಂಡ. ಊರಿನ ಕಾನೂನು ಮತ್ತು ಶಿಕ್ಷೆಗಳ ಪಟ್ಟಿಯನ್ನು ಮೊದಲ ದಿನವೇ ಜೆರಾಕ್ಸ್ ಮಾಡಿ ಎಲ್ಲರಿಗೂ ಕೊಡಿ, ಇಲ್ಲದಿದ್ದರೆ ಮೊದಲ ಜಗಳಕ್ಕೇ ಜೈಲು.

ಅದೇ ಆಟದ ಎಬೆರಾನ್ ಲೋಕದ ಶಾರ್ನ್ ನಗರ (2004ರ ಪುಸ್ತಕ) ನೋಡಲು ಎಲ್ಲಕ್ಕಿಂತ ಚೆಂದ, ಆಡಿಸಲು ಎಲ್ಲಕ್ಕಿಂತ ಕಷ್ಟ. ಊರು ಗೋಪುರಗಳ ಮೇಲೆ ನಿಂತಿದೆ, ನಕಾಶೆ ಮಾತ್ರ ಚಪ್ಪಟೆ. ಗೋಪುರದ ಅಡ್ಡಸೀಳಿನ ಚಿತ್ರ ಬರೆದು ಮೇಲು, ನಡು, ಕೆಳ ಎಂದು ಮೂರು ಪಟ್ಟಿ ಎಳೆಯಿರಿ. ಬಿದ್ದರೆ 10 ಅಡಿಗೆ ಆರು ಮುಖದ ಒಂದು ದಾಳದಷ್ಟು (1ಡಿ6) ಏಟು, ಗರಿಷ್ಠ 20ಡಿ6; ಸೇತುವೆಯ ಮೇಲಿನ ಜಗಳಕ್ಕೆ ಮುಂಚೆ ಮೆಲ್ಲನೆ ಇಳಿಸುವ ಫೆದರ್ ಫಾಲ್ ಮಂತ್ರ ಯಾರ ಬಳಿ ಇದೆ ಎಂದು ಕೇಳಿಬಿಡಿ.

ಮಾಂಟಿ ಕುಕ್ ಅವರ ‘ಟಾಲಸ್’ ನಗರದ ಪುಸ್ತಕ (2006) 672 ಪುಟ. ಅಂಚಿನಲ್ಲೇ ಪುಟಸಂಖ್ಯೆಯ ಸೂಚನೆಗಳಿರುವುದರಿಂದ ಇಷ್ಟು ದಪ್ಪವಿದ್ದರೂ ಹುಡುಕುವುದು ಸುಲಭ. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತು ಬರುವ ಡಿಎಂಗಳು ಪಿಡಿಎಫ್ ತೆಗೆದುಕೊಳ್ಳಿ.