ಕೆಚಪ್ ಮಾನಿಸ್ ಮನೆಯಲ್ಲೇ: ಸಕ್ಕರೆಯಿಂದ ತಾಟಿಬೆಲ್ಲದವರೆಗೆ

ಇಂಡೋನೇಷ್ಯಾದ ಯೋಗ್ಯಕರ್ತದಿಂದ ನಮ್ಮೂರು ಸಾಗರಕ್ಕೆ ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ಎರಡು ಬಾಟಲಿ ಕೆಚಪ್ ಮಾನಿಸ್, ಅಂದರೆ ಅಲ್ಲಿನ ಸಿಹಿ ಸೋಯಾ ಸಾಸ್, ತಂದಿದ್ದೆ. ಎಂಟು ತಿಂಗಳಲ್ಲಿ ಎರಡೂ ಖಾಲಿ. ಕೊನೆಯ ಬಾಟಲಿಗೆ ಬಿಸಿನೀರು ಹಾಕಿ ಕುಲುಕಿ, ಅದನ್ನೂ ಬಾಣಲೆಗೆ ಸುರಿದೆ. ನಮ್ಮೂರಿನ ಅಂಗಡಿಗಳಲ್ಲಿ ಇದು ಸಿಗುವುದಿಲ್ಲ. ಆನ್‌ಲೈನಿನಲ್ಲಿ ತರಿಸಬಹುದು, ಆದರೆ ದಿನದ ಅಡುಗೆಗೆ ಅಷ್ಟು ದುಡ್ಡು ಕೊಡಲು ಮನಸ್ಸು ಬರಲಿಲ್ಲ. ಹಾಗಾಗಿ ಮನೆಯಲ್ಲೇ ಮಾಡಿ ನೋಡಿದೆ. ಒಂದಲ್ಲ, ಐದು ಥರ.

ಇಂಡೋನೇಷ್ಯಾದಲ್ಲಿ ಕೆಚಪ್ ಅಂದರೆ ಟೊಮೆಟೊ ಸಾಸ್ ಅಲ್ಲ, ಸೋಯಾ ಸಾಸ್. ಉಪ್ಪಿನದು ಕೆಚಪ್ ಆಸಿನ್, ಸಿಹಿಯದು ಕೆಚಪ್ ಮಾನಿಸ್. ಜಾವಾದವರ ಅಡುಗೆಮನೆಯಲ್ಲಿ ಸಿಹಿಯದೇ ಜಾಸ್ತಿ ಖರ್ಚಾಗುತ್ತದೆ. ಸೋಯಾ ಕಾಳು ಬೇಯಿಸಿ, ಬೂಷ್ಟು ಹಿಡಿಸಿ, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಇಡುತ್ತಾರೆ. ಆಮೇಲೆ ಆ ನೀರನ್ನು ಸೋಸಿ ಗುಲಾ ಜಾವಾ ಹಾಕಿ ಕುದಿಸುತ್ತಾರೆ. ಗುಲಾ ಜಾವಾ ಅಂದರೆ ಹೆಚ್ಚಾಗಿ ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾ ಕಾಯಿಸಿ ಮಾಡಿದ ಬೆಲ್ಲ. ಆ ನೀರಾಗೆ ಅಲ್ಲಿ ನಿರಾ ಅಂತಲೇ ಹೆಸರು. ಕರಟದಲ್ಲೋ ಬಿದಿರಿನ ಕೊಳವೆಯಲ್ಲೋ ಅಚ್ಚು ಹೊಯ್ಯುತ್ತಾರೆ. ಸಂತೆಯಲ್ಲಿ ಅದರ ರಾಶಿ ನೋಡಿದ ಮೊದಲ ದಿನ ನನಗೆ ನಮ್ಮ ಆಲೆಮನೆ ನೆನಪಾಗಿತ್ತು.

ಐದಕ್ಕೂ ಸೋಯಾ ಸಾಸ್ ಒಂದೇ ಇಟ್ಟುಕೊಂಡೆ, ಸಿಹಿ ಮಾತ್ರ ಬದಲಿಸಿದೆ: ಸಕ್ಕರೆ, ಜೇನು, ಜೋನಿ ಬೆಲ್ಲ, ತೆಂಗಿನ ಸಕ್ಕರೆ, ತಾಟಿಬೆಲ್ಲ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ನಮ್ಮಲ್ಲಿ ಸಿಗುವ ಅಗ್ಗದ ಸೋಯಾ ಸಾಸ್‌ಗಳಲ್ಲಿ ಎಷ್ಟೋ ಬಾಟಲಿಗಳ ಲೇಬಲ್ ಓದಿದರೆ ಅಸಿಟಿಕ್ ಆಸಿಡ್, ಕ್ಯಾರಮೆಲ್ ಬಣ್ಣ ಕಾಣುತ್ತದೆ. ಅದಕ್ಕೆ ಬೆಲ್ಲ ಹಾಕಿ ಕುದಿಸಿದರೆ ಹುಳಿ ಎದ್ದು ಬರುತ್ತದೆ, ಗೊಜ್ಜಿನ ಥರ ಆಗುತ್ತದೆ. ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಇರುವ ಬಾಟಲಿ ಹುಡುಕಿ ತನ್ನಿ.

ಪರೀಕ್ಷೆಗೆ ಮೂರು ಅಡುಗೆ. ದೊಡ್ಡ ಉರಿಯಲ್ಲಿ ನಾಸಿ ಗೊರೆಂಗ್, ಅಂದರೆ ಬಾಣಲೆಯಲ್ಲಿ ಹುರಿದ ಅನ್ನ. ಸಣ್ಣ ಉರಿಯಲ್ಲಿ ತೋಫು, ಆಲೂಗಡ್ಡೆ ಹಾಕಿ ಈ ಸಾಸಿನಲ್ಲಿ ಬೇಯಿಸಿದ ಸೆಮುರ್ ಅನ್ನುವ ಗಸಿ. ಆಮೇಲೆ ಒಲೆಗೇ ಇಡದ ಸಂಬಲ್ ಕೆಚಪ್, ಅಂದರೆ ಸಣ್ಣ ಈರುಳ್ಳಿ, ಹಸಿಮೆಣಸು ಹೆಚ್ಚಿ ಸಾಸ್ ಸುರಿದು ನಿಂಬೆ ಹಿಂಡಿದ್ದು.

ಸಕ್ಕರೆಯದು ಬೇಗ ಮುಗಿಯುವ ಕಥೆ. ಸಿಹಿ ಇದೆ, ಉಪ್ಪು ಇದೆ, ನಡುವೆ ಏನೂ ಇಲ್ಲ. ಅನ್ನಕ್ಕೆ ಹಾಕಿದರೆ ಎರಡೂ ಬೇರೆ ಬೇರೆಯಾಗಿ ನಾಲಿಗೆಗೆ ತಾಗುತ್ತವೆ. ನಾಲ್ಕನೇ ದಿನ ಬಾಟಲಿಯ ತಳದಲ್ಲಿ ಹರಳು ಕಟ್ಟಿತ್ತು. ಸಕ್ಕರೆಯನ್ನು ಮೊದಲು ಕೆಂಪಗೆ ಕರಗಿಸಿ ಸೋಯಾ ಸುರಿದಾಗ ಸ್ವಲ್ಪ ಸುಧಾರಿಸಿತು. ಆದರೂ ಬೇರೆ ದಾರಿಯೇ ಇಲ್ಲದ ದಿನಕ್ಕೆ ಮಾತ್ರ.

ಜೇನಿನ ಮೇಲೆ ನನಗೆ ಆಸೆ ಇತ್ತು. ಕುದಿಸುವುದೇ ಬೇಡ, ಸಮಸಮ ಕಲಸಿದರೆ ಆಯಿತು. ಸಂಬಲ್‌ಗೆ ನಿಜಕ್ಕೂ ಚೆನ್ನಾಗಿತ್ತು, ಕರಿದ ತೋಫು ಅದ್ದಿಕೊಂಡು ಮನೆಯವರೆಲ್ಲ ತಿಂದರು. ಬಾಣಲೆಗೆ ಹೋದರೆ ಮಾತ್ರ ಕಷ್ಟ. ಜೇನು ಬೇಗ ಸೀಯುತ್ತದೆ. ಅನ್ನ ಬಿಸಿಯಾಗುವ ಮೊದಲೇ ಅಂಚಿನಲ್ಲಿ ಕಪ್ಪಾಗಿ ಕಹಿ ಬಂತು. ಜೊತೆಗೆ ಹೂವಿನ ವಾಸನೆ ಬೇರೆ. ಬೆಳ್ಳುಳ್ಳಿ, ಮೆಣಸಿನ ಪಕ್ಕದಲ್ಲಿ ಅದು ಕೂರುವುದಿಲ್ಲ.

ಜೋನಿ ಬೆಲ್ಲ ನಮ್ಮನೆಯಲ್ಲಿ ಯಾವಾಗಲೂ ಇರುತ್ತದೆ, ದೋಸೆಗೆ ಬೇಕಲ್ವಾ. ಅದು ಮೊದಲೇ ನೀರಾಗಿರುವುದರಿಂದ ಕೆಲಸ ಸಲೀಸು. ಸೋಯಾ ಹಾಕಿ ಆರೇಳು ನಿಮಿಷ ಕುದಿಸಿದರೆ ಸಾಕು. ಬಣ್ಣ ಬೇಕಾದಷ್ಟು ಕಪ್ಪಾಗಲಿಲ್ಲ, ಕಬ್ಬಿನ ಸಣ್ಣ ಹುಳಿಯೂ ಉಳಿಯಿತು. ಆದರೆ ಸೆಮುರ್‌ನಲ್ಲಿ ಇದೇ ಎಲ್ಲಕ್ಕಿಂತ ಮೇಲೆ ಬಂತು. ಲವಂಗ, ಜಾಯಿಕಾಯಿ ಜೊತೆ ಅರ್ಧ ಗಂಟೆ ಬೆಂದಾಗ ಆ ಹುಳಿ ಒಳಗೇ ಸೇರಿಕೊಂಡು ಆಲೂಗಡ್ಡೆಗೆ ಒಳ್ಳೆ ರುಚಿ ಕೊಟ್ಟಿತು. ಬಾಟಲಿಯಲ್ಲಿ ಒಂದು ತಿಂಗಳು ಇಟ್ಟರೂ ಹರಳು ಕಟ್ಟಲಿಲ್ಲ. ಜೋನಿ ಬೆಲ್ಲದಲ್ಲಿ ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತದೆ. ಅವು ಸಕ್ಕರೆ ಗಟ್ಟಿಯಾಗಲು ಬಿಡುವುದಿಲ್ಲ. ಇದು ಮುಂದೆ ನನಗೆ ಉಪಯೋಗಕ್ಕೆ ಬಂತು.

ತೆಂಗಿನ ಸಕ್ಕರೆ, ಅಂದರೆ ತೆಂಗಿನ ನೀರಾದಿಂದಲೇ ಮಾಡಿದ ಪುಡಿ, ಒಂದು ಪ್ಯಾಕೆಟ್ ತರಿಸಿದೆ. ಮೂಲಕ್ಕೆ ಇದೇ ತೀರಾ ಹತ್ತಿರ, ಅದರಲ್ಲಿ ಎರಡು ಮಾತಿಲ್ಲ. ಪಾತ್ರೆಯಿಂದ ಆವಿ ಎದ್ದಾಗ ಯೋಗ್ಯಕರ್ತದ ನಮ್ಮ ಬಾಡಿಗೆ ಮನೆಯ ಹಿತ್ತಲು ಕಣ್ಣಮುಂದೆ ಬಂತು. ಸಂಬಲ್‌ಗೆ ಹಾಕಿದಾಗ ವ್ಯತ್ಯಾಸ ಹೇಳಲು ನನಗೇ ಆಗಲಿಲ್ಲ. ಆದರೆ 250 ಗ್ರಾಂ ಪುಡಿ ಒಂದು ಸಣ್ಣ ಬಾಟಲಿಗೆ ಮುಗಿಯಿತು. ಆ ಬೆಲೆಗೆ ಅಸಲು ಬಾಟಲಿಯನ್ನೇ ತರಿಸಬಹುದು ಅನ್ನಿಸಿತು.

ಕೊನೆಗೆ ತಾಟಿಬೆಲ್ಲ. ಕರಾವಳಿಯವರು ಓಲೆಬೆಲ್ಲ ಅನ್ನುತ್ತಾರೆ, ನನ್ನದು ಮಂಗಳೂರಿನಿಂದ ಅತ್ತಿಗೆ ತಂದುಕೊಟ್ಟದ್ದು. ತೆಂಗು ಅಲ್ಲ, ತಾಳೆ ಮರದ್ದು. ಆದರೂ ಮರದ ರಸದ ಬೆಲ್ಲಕ್ಕೆ ಕಬ್ಬಿನ ಬೆಲ್ಲದಲ್ಲಿ ಇಲ್ಲದ ಒಂದು ಹೊಗೆಯ ಘಮ ಇರುತ್ತದೆ. ಕೆಚಪ್ ಮಾನಿಸ್‌ನ ಜೀವ ಇರುವುದು ಅಲ್ಲೇ. ಯೋಗ್ಯಕರ್ತದಲ್ಲಿ ರಾತ್ರಿ ಗಾಡಿ ತಳ್ಳಿಕೊಂಡು ಬರುವವರು ಬಾಣಲೆಗೆ ಸಟ್ಟುಗ ಬಡಿದು ಟೆಕ್ ಟೆಕ್ ಅಂತ ಸದ್ದು ಮಾಡುತ್ತಾರೆ. ಅವರು ಮಾರುವ ಅನ್ನಕ್ಕೆ ಹೆಸರೇ ನಾಸಿ ಗೊರೆಂಗ್ ಟೆಕ್ ಟೆಕ್. ನಮ್ಮ ಬೀದಿಗೆ ಬರುತ್ತಿದ್ದವರು ಸಾಸನ್ನು ಅನ್ನದ ಮೇಲೆ ಹಾಕುತ್ತಿರಲಿಲ್ಲ, ಕಾದ ಬಾಣಲೆಯ ಅಂಚಿಗೆ ಹಾಕುತ್ತಿದ್ದರು. ಚುರ್ ಅಂದು ಹೊಗೆ ಎದ್ದ ಮೇಲೆ ಅನ್ನ ಎಳೆದುಕೊಳ್ಳುತ್ತಿದ್ದರು. ತಾಟಿಬೆಲ್ಲದ ಸಾಸಿನಲ್ಲಿ ಹಾಗೇ ಮಾಡಿದೆ. ಅನ್ನದ ಒಂದೊಂದು ಅಗುಳಿಗೂ ಕಂದು ಬಣ್ಣ ಹಿಡಿಯಿತು, ಎಲ್ಲೂ ಸೀಯಲಿಲ್ಲ. ಅವತ್ತು ಮಗಳು ಎರಡನೇ ಸಲ ಬಡಿಸಿಕೊಂಡಳು.

ತೊಂದರೆಗಳೂ ಇವೆ. ಇದರಲ್ಲಿ ಕಸ ಜಾಸ್ತಿ, ಸೋಸದೆ ಬಳಸಬೇಡಿ. ಕುದಿಯುವಾಗ ನೊರೆ ಉಕ್ಕಿ ಒಲೆ ಮೇಲೆಲ್ಲ ಚೆಲ್ಲುತ್ತದೆ, ದೊಡ್ಡ ಪಾತ್ರೆಯೇ ಬೇಕು. ಎರಡು ವಾರ ಕಳೆದರೆ ಇದೂ ತಳದಲ್ಲಿ ಮರಳು ಮರಳಾಗುತ್ತದೆ. ಆಗ ಜೋನಿ ಬೆಲ್ಲ ನೆನಪಿಗೆ ಬಂತು. ಮೂರು ಪಾಲು ತಾಟಿಬೆಲ್ಲಕ್ಕೆ ಒಂದು ಪಾಲು ಜೋನಿ ಬೆಲ್ಲ ಸೇರಿಸಿ ಮಾಡಿದೆ. ಮರಳಾಗುವುದು ನಿಂತಿತು, ಘಮ ಹಾಗೇ ಉಳಿಯಿತು. ಈಗ ನಮ್ಮನೆ ಫ್ರಿಜ್‌ನಲ್ಲಿ ಇರುವುದು ಇದೇ.

ಅಳತೆ ಹೀಗಿದೆ. ಒಂದು ಕಪ್ ಸೋಯಾ ಸಾಸ್‌ಗೆ ಎರಡೂ ಬೆಲ್ಲ ಸೇರಿ 250 ಗ್ರಾಂ, ಕಾಲು ಕಪ್ ನೀರು. ಮೊದಲು ನೀರಿನಲ್ಲಿ ಬೆಲ್ಲ ಕರಗಿಸಿ ಸೋಸಿಕೊಳ್ಳಿ. ಆಮೇಲೆ ಸೋಯಾ, ಒಂದು ಚಕ್ರಮೊಗ್ಗು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಬಿಲ್ಲೆ ಶುಂಠಿ ಹಾಕಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ. ಚಕ್ರಮೊಗ್ಗು ಎರಡು ಹಾಕಬೇಡಿ, ಬಿರಿಯಾನಿಯ ವಾಸನೆ ಬರುತ್ತದೆ.

ಯಾವಾಗ ಇಳಿಸಬೇಕು ಅನ್ನುವುದು ಮುಖ್ಯ. ನಾನು ಮೊದಲ ಸಲ ಉಂಡೆಗೆ ಪಾಕ ನೋಡುವ ಹಾಗೆ ಎಳೆ ಬರುವ ತನಕ ಕಾಯಿಸಿದೆ. ಆರಿದ ಮೇಲೆ ಬಾಟಲಿಯಲ್ಲಿ ಚಿಕ್ಕಿಯಂತೆ ಗಟ್ಟಿಯಾಗಿ, ಬಿಸಿನೀರಿನಲ್ಲಿ ಬಾಟಲಿ ಇಟ್ಟು ಬಿಡಿಸಬೇಕಾಯಿತು. ಎಳೆ ಬರಲೇಬಾರದು. ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟು ತಟ್ಟೆ ಓರೆ ಮಾಡಿ. ನೀರಿನ ಹಾಗೆ ಓಡದೆ ನಿಧಾನಕ್ಕೆ ಜಾರಿದರೆ ಒಲೆ ಆರಿಸಿ. ಒಲೆ ಮೇಲೆ ಇನ್ನೂ ತೆಳುವಾಗಿದೆ ಅನ್ನಿಸುತ್ತದೆ, ಆದರೆ ಬೆಳಗಾಗುವಷ್ಟರಲ್ಲಿ ಜೇನಿನಷ್ಟು ಮಂದವಾಗಿರುತ್ತದೆ.