ಟೋಫೆಲ್ ಐಟಿಪಿ ಗ್ರಾಮರ್ ಆ್ಯಪ್: ಮೊದಲರ್ಧ ತುಂಬಾ ಚೆನ್ನಾಗಿದೆ, ಉಳಿದರ್ಧ ಸಾಲದು

ಟೋಫೆಲ್ ಐಟಿಪಿ ಅನ್ನುವ ಇಂಗ್ಲಿಷ್ ಪರೀಕ್ಷೆಯ ಎರಡನೇ ವಿಭಾಗಕ್ಕೆ, ಅಂದರೆ ಗ್ರಾಮರ್ ಭಾಗಕ್ಕೆ, ತಯಾರಾಗಲು ನಾನು ಒಂದು ಅಭ್ಯಾಸದ ಆ್ಯಪ್‌ಗೆ ಚಂದಾ ಕಟ್ಟಿದ್ದೆ. ಪರೀಕ್ಷೆ ಮುಗಿದಿದೆ. ನೆನಪು ಹಸಿಯಾಗಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ಆ್ಯಪ್‌ನ ಹೆಸರು ಹೇಳುವುದಿಲ್ಲ. ಅದರ ದೋಷಗಳನ್ನೂ ಕೆಳಗೆ ಬಿಡಿಸಿ ಬರೆದಿದ್ದೇನೆ, ಅವನ್ನು ಅವರು ಈಗಾಗಲೇ ಸರಿ ಮಾಡಿರಲೂಬಹುದು. ಇಂಥ ಆ್ಯಪ್‌ಗಳು ಬೇಕಾದಷ್ಟಿವೆ. ನೀವು ಯಾವುದನ್ನೇ ಆರಿಸಿಕೊಂಡರೂ ಏನನ್ನು ನೋಡಿ ಆರಿಸಬೇಕು ಅನ್ನುವುದು ಇಲ್ಲಿ ಸಿಕ್ಕರೆ ಸಾಕು. ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ವಾಕ್ಯರಚನೆಯ ಪಾಠಗಳು ತುಂಬಾ ಚೆನ್ನಾಗಿವೆ. ತಪ್ಪು ಹುಡುಕುವ ಭಾಗ ಸಾಲದು. ಮಾಕ್ ಟೆಸ್ಟ್‌ಗಳನ್ನಂತೂ ಮುಟ್ಟಬೇಡಿ.

ಐಟಿಪಿ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಟೋಫೆಲ್ ಶುರುವಾಗಿದ್ದು 1964ರಲ್ಲಿ. ಕಾಗದದ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ಅದರಲ್ಲಿ ವಾಕ್ಯರಚನೆಗೆಂದೇ ಒಂದು ವಿಭಾಗವಿತ್ತು. 2005ರಲ್ಲಿ ಇಂಟರ್ನೆಟ್ ಟೋಫೆಲ್ ಬಂದಾಗ ಆ ವಿಭಾಗವನ್ನು ಕೈಬಿಟ್ಟರು. ಆದರೆ ಸಂಸ್ಥೆಗಳು ತಮ್ಮ ವಿದ್ಯಾರ್ಥಿಗಳಿಗೆ, ನೌಕರರಿಗೆ ತಾವೇ ನಡೆಸುವ ಐಟಿಪಿಯಲ್ಲಿ ಅದು ಹಾಗೇ ಉಳಿದಿದೆ. ಲೆವೆಲ್ 1 ಪರೀಕ್ಷೆಯಲ್ಲಿ ಇದಕ್ಕೆ 40 ಪ್ರಶ್ನೆ, 25 ನಿಮಿಷ. ಮೊದಲ 15 ಪ್ರಶ್ನೆಗಳು ಸ್ಟ್ರಕ್ಚರ್, ಅಂದರೆ ಬಿಟ್ಟ ಜಾಗ ತುಂಬುವುದು. ಉಳಿದ 25 ರಿಟನ್ ಎಕ್ಸ್‌ಪ್ರೆಶನ್. ಒಂದು ವಾಕ್ಯದಲ್ಲಿ ನಾಲ್ಕು ಕಡೆ ಅಡಿಗೆರೆ ಹಾಕಿರುತ್ತಾರೆ, ಅವುಗಳಲ್ಲಿ ತಪ್ಪಿರುವುದು ಯಾವುದು ಅಂತ ಗುರುತಿಸಬೇಕು.

ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ ಸಿಗುವುದು 37 ಸೆಕೆಂಡಿನ ಆಸುಪಾಸು. ಒಟ್ಟು ಅಂಕ 310ರಿಂದ 677. ಲಿಸನಿಂಗ್, ಈ ಗ್ರಾಮರ್, ರೀಡಿಂಗ್, ಈ ಮೂರು ವಿಭಾಗಗಳಿಗೂ ಸಮ ತೂಕ. ಅಂದರೆ 25 ನಿಮಿಷದ ಈ ವಿಭಾಗಕ್ಕೂ 55 ನಿಮಿಷದ ರೀಡಿಂಗ್‌ಗೂ ಒಂದೇ ಬೆಲೆ. ಬರೀ ಗ್ರಾಮರ್‌ಗೆ ಅಂತ ದುಡ್ಡು ಕೊಡಲು ನಾನು ಒಪ್ಪಿದ್ದು ಈ ಲೆಕ್ಕ ನೋಡಿಯೇ.

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಹೊರದೇಶದ ತರಬೇತಿಗೆ ಕಳಿಸುವ ಮೊದಲು ನಮ್ಮ ಸಂಸ್ಥೆ ಈ ಪರೀಕ್ಷೆ ಬರೆಸುತ್ತದೆ. ಸೆಂಟ್ರಿಫ್ಯೂಜ್ ಯಂತ್ರ ತಿರುಗುವಾಗ ಸಿಗುವ ಹತ್ತು ನಿಮಿಷವೇ ನನ್ನ ಓದಿನ ಹೊತ್ತು. ಹಾಗಾಗಿ ಪಾಠಗಳು ಚಿಕ್ಕದಾಗಿರಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಉತ್ತರ ಯಾಕೆ ಸರಿ ಅನ್ನುವುದು ನನಗೆ ಬೇಕಿತ್ತು. ಕಾರಣ ಗೊತ್ತಾಗದ ಉತ್ತರ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ.

ಈ ಆ್ಯಪ್‌ನ ಮೊದಲ ಪಾಠದಲ್ಲಿ ಪ್ರಶ್ನೆಯೇ ಇಲ್ಲ. ಒಂದು ಉದ್ದದ ವಾಕ್ಯ ತೋರಿಸುತ್ತಾರೆ. ವರ್ಬ್ ಎಲ್ಲಿದೆ, ಬೆರಳಿಟ್ಟು ತೋರಿಸಿ ಅನ್ನುತ್ತಾರೆ. ಆಮೇಲೆ ಆ ವರ್ಬ್‌ಗೆ ಸೇರಿದ ಸಬ್ಜೆಕ್ಟ್ ಯಾವುದು ಅಂತ ಕೇಳುತ್ತಾರೆ. ಅಷ್ಟೇ. ಟೆನ್ಸ್ ಇಲ್ಲ, ನಿಯಮ ಇಲ್ಲ, ಪಟ್ಟಿ ಇಲ್ಲ. ಸರಿಯಾಗಿ ಮುಟ್ಟಿದರೆ ವಾಕ್ಯದ ಉಳಿದ ಭಾಗವೆಲ್ಲ ಮಸುಕಾಗಿ, ಸಬ್ಜೆಕ್ಟ್ ಮತ್ತು ವರ್ಬ್ ಮಾತ್ರ ಕಪ್ಪಾಗಿ ಉಳಿಯುತ್ತವೆ. ನೋಡಲು ಸಣ್ಣ ವಿಷಯ. ಆದರೆ ಸ್ಟ್ರಕ್ಚರ್ ಭಾಗದ ಅರ್ಧ ಕೆಲಸ ಇದೇ.

ಒಂದು ಉದಾಹರಣೆ ಕೊಡುತ್ತೇನೆ, ವಾಕ್ಯ ನನ್ನದೇ. 'ದಿ ಪ್ಲಾನೆಟ್ ಕ್ಲೋಸೆಸ್ಟ್ ಟು ದಿ ಸನ್' ಅಂತ ಶುರುವಾಗಿ, ನಡುವೆ ಬಿಟ್ಟ ಜಾಗ, ಕೊನೆಗೆ 'ಮರ್ಕ್ಯುರಿ'. ಆಯ್ಕೆಗಳು ನಾಲ್ಕು: 'ಈಸ್', 'ವಿಚ್ ಈಸ್', 'ಇಟ್ ಈಸ್', 'ಬೀಯಿಂಗ್'. ಉತ್ತರ 'ಈಸ್'. ಸುಲಭ ಅನ್ನಿಸುತ್ತದೆ ಅಲ್ವಾ? ಗಡಿಯಾರ ಓಡುತ್ತಿರುವಾಗ 'ವಿಚ್ ಈಸ್' ಭಾರಿ ಗಂಭೀರವಾಗಿ ಕಾಣುತ್ತದೆ, ಕೈ ಅದರ ಕಡೆಗೇ ಹೋಗುತ್ತದೆ. ಇಂಥ ಕಡೆ ಆ್ಯಪ್ ನಾಲ್ಕಕ್ಕೂ ಕಾರಣ ಕೊಡುತ್ತದೆ. 'ವಿಚ್ ಈಸ್' ಹಾಕಿದರೆ ಅದು ಗ್ರಹದ ವಿವರವಾಗಿಬಿಡುತ್ತದೆ, ವಾಕ್ಯಕ್ಕೆ ಮುಖ್ಯ ವರ್ಬ್ ಸಿಗುವುದೇ ಇಲ್ಲ. 'ಇಟ್ ಈಸ್' ಹಾಕಿದರೆ ಸಬ್ಜೆಕ್ಟ್ ಎರಡಾಗುತ್ತದೆ. 'ಬೀಯಿಂಗ್' ಒಂಟಿಯಾಗಿ ವರ್ಬ್‌ನ ಕೆಲಸ ಮಾಡಲಾರದು. ತಪ್ಪು ಆಯ್ಕೆ ಯಾಕೆ ತಪ್ಪು ಅನ್ನುವುದನ್ನು ಇಷ್ಟು ಬಿಡಿಸಿ ಹೇಳುವ ಬೇರೆ ಆ್ಯಪ್ ನನ್ನ ಕಣ್ಣಿಗೆ ಬಿದ್ದಿಲ್ಲ.

ಕನ್ನಡದಲ್ಲಿ ಯೋಚಿಸುವವರಿಗೆ ಈ ಅಭ್ಯಾಸ ಇನ್ನೂ ಜಾಸ್ತಿ ಬೇಕು. 'ಸೂರ್ಯನಿಗೆ ಹತ್ತಿರದ ಗ್ರಹ ಬುಧ' ಅಂದರೆ ನಮಗೆ ಮಾತು ಮುಗಿಯಿತು. ಅಲ್ಲಿ ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷ್‌ನಲ್ಲಿ ವರ್ಬ್ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ಇನ್ನೊಂದು ವಿಷಯ, ನಮ್ಮಲ್ಲಿ ವಿವರವೆಲ್ಲ ಮುಂದೆ ಬಂದು ಹೆಸರು ಕೊನೆಗೆ ಬರುತ್ತದೆ: 'ಹೋದ ವಾರ ಕಳಿಸಿದ ಪತ್ರ'. ಇಂಗ್ಲಿಷ್ ಹೆಸರನ್ನು ಮೊದಲು ಹೇಳಿ ವಿವರವನ್ನು ಅದರ ಹಿಂದೆ ಜೋಡಿಸುತ್ತದೆ: 'ದಿ ಲೆಟರ್ ಸೆಂಟ್ ಲಾಸ್ಟ್ ವೀಕ್ ಅರೈವ್ಡ್ ಟುಡೇ'. ಇಲ್ಲಿ 'ಸೆಂಟ್' ಕೂಡ ವರ್ಬ್ ಥರ ಕಾಣುತ್ತದೆ, 'ಅರೈವ್ಡ್' ಕೂಡ. ಆದರೆ ಪತ್ರ ತಾನಾಗಿ ಏನನ್ನೂ ಕಳಿಸಲಿಲ್ಲ. 'ಸೆಂಟ್ ಲಾಸ್ಟ್ ವೀಕ್' ಬರೀ ವಿವರ, ನಿಜವಾದ ವರ್ಬ್ 'ಅರೈವ್ಡ್'. ಈ ಒಂದು ವಿಷಯಕ್ಕೇ ಆ್ಯಪ್‌ನಲ್ಲಿ ಪೂರ್ತಿ ಪಾಠವಿದೆ. ವಿವರದ ತುಂಡನ್ನು ಬೆರಳಿನಿಂದ ಎಳೆದು ಬದಿಗಿಡಬಹುದು, ಉಳಿದದ್ದು ವಾಕ್ಯವಾಗಿ ನಿಲ್ಲುತ್ತದೆಯಾ ಅಂತ ನೋಡಬಹುದು. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ನೋಡಿ ಅವರೂ ಚಂದಾ ಕಟ್ಟಿದರು.

'ನೆವರ್', 'ಸೆಲ್ಡಮ್', 'ನಾಟ್ ಓನ್ಲಿ' ವಾಕ್ಯದ ಮೊದಲಿಗೆ ಬಂದರೆ ಸಹಾಯಕ ವರ್ಬ್ ಸಬ್ಜೆಕ್ಟ್‌ಗಿಂತ ಮುಂದೆ ಬರಬೇಕಲ್ಲ, 'ನೆವರ್ ಹ್ಯಾಡ್ ಷಿ ಸೀನ್' ಅನ್ನುವ ಹಾಗೆ, ಆ ಪಾಠವೂ ಚೆನ್ನಾಗಿದೆ. ಎರಡು ವಾಕ್ಯ ಜೋಡಿಸಲು ಒಂದು ಕೊಂಡಿ ಸಾಕು, 'ಆಲ್ದೋ' ಬಂದ ಮೇಲೆ ಮತ್ತೆ 'ಬಟ್' ಬೇಡ ಅನ್ನುವುದನ್ನೂ ಚುಟುಕಾಗಿ, ಸ್ಪಷ್ಟವಾಗಿ ಹೇಳಿದ್ದಾರೆ.

ಇಷ್ಟು ಚೆನ್ನಾಗಿ ಮಾಡಿದವರು ರಿಟನ್ ಎಕ್ಸ್‌ಪ್ರೆಶನ್‌ಗೆ ಬಂದಾಗ ಯಾಕೆ ಕೈಬಿಟ್ಟರೋ! 40ರಲ್ಲಿ 25 ಪ್ರಶ್ನೆ ಬರುವುದು ಇಲ್ಲಿಂದಲೇ. ಆದರೆ ಇಲ್ಲಿ ವಿವರಣೆ ಒಂದೇ ಸಾಲು: 'ಸರಿ ಉತ್ತರ ಬಿ, ಚೇಂಜಸ್ ಆಗಬೇಕು.' ಯಾಕೆ ಅಂತ ಹೇಳುವುದಿಲ್ಲ. 'ದಿ ಕಲರ್ ಆಫ್ ದಿ ಲೀವ್ಸ್ ಚೇಂಜ್' ಅನ್ನುವ ಥರದ ವಾಕ್ಯದಲ್ಲಿ ಕಣ್ಣು ಪಕ್ಕದ 'ಲೀವ್ಸ್'ಗೆ ಅಂಟಿಕೊಳ್ಳುತ್ತದೆ, ಬಹುವಚನ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಬದಲಾಗುವುದು ಎಲೆಗಳಲ್ಲ, ಬಣ್ಣ. ಸಬ್ಜೆಕ್ಟ್ ಏಕವಚನ. ಮೊದಲ ಭಾಗದಲ್ಲಿ ಕಲಿಸಿದ್ದನ್ನೇ ಇಲ್ಲಿ ಒಂದು ಸಾಲಿನಲ್ಲಿ ನೆನಪಿಸಿದ್ದರೆ ಸಾಕಿತ್ತು.

ಪ್ರಶ್ನೆಗಳನ್ನು ತಪ್ಪಿನ ಬಗೆಗೆ ತಕ್ಕಂತೆ ವಿಂಗಡಿಸಿಯೂ ಇಲ್ಲ. ಈ ಭಾಗದಲ್ಲಿ ಬರುವ ತಪ್ಪುಗಳು ಸುಮಾರಾಗಿ ಅವೇ ಅವೇ. ಪಟ್ಟಿ ಮಾಡುವಾಗ ರೂಪ ತಪ್ಪುವುದು, 'ಸ್ವಿಮ್ಮಿಂಗ್, ರನ್ನಿಂಗ್ ಆ್ಯಂಡ್ ಟು ಸೈಕಲ್' ಅನ್ನುವ ಹಾಗೆ. ವಿಶೇಷಣ ಬೇಕಾದ ಕಡೆ ನಾಮಪದ ಇಡುವುದು. 'ಮೆನಿ' ಬೇಕಾದ ಕಡೆ 'ಮಚ್'. 'ಬಿಕಾಸ್ ಆಫ್' ಬೇಕಾದ ಕಡೆ ಬರೀ 'ಬಿಕಾಸ್'. ಒಂದೊಂದನ್ನೇ ಬೇರೆಬೇರೆಯಾಗಿ ಅಭ್ಯಾಸ ಮಾಡಿದರೆ ನಾವು ಎಲ್ಲಿ ಎಡವುತ್ತೇವೆ ಅನ್ನುವುದು ಬೇಗ ಕಾಣುತ್ತದೆ. ಆ್ಯಪ್ ಎಲ್ಲವನ್ನೂ ಕಲಸಿ ಸುರಿಯುತ್ತದೆ. ಕೊನೆಗೆ ಬರೀ ಶೇಕಡಾವಾರು ಅಂಕ ತೋರಿಸುತ್ತದೆ. 'ನಿಮಗೆ 60 ಬಂತು' ಅಂದರೆ ನಾಳೆ ಏನು ಓದಬೇಕು ಅಂತ ಹೇಗೆ ಗೊತ್ತಾಗಬೇಕು? ನಾನು ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ತಪ್ಪಿನ ಪಕ್ಕ ಅದರ ಬಗೆ ಬರೆಯತೊಡಗಿದೆ. ಆರ್ಟಿಕಲ್‌ನ ('ಎ', 'ಆ್ಯನ್', 'ದಿ') ಸಾಲೇ ಎಲ್ಲಕ್ಕಿಂತ ಉದ್ದವಾಗಿತ್ತು. ಕನ್ನಡದಲ್ಲಿ ಆರ್ಟಿಕಲ್ ಇಲ್ಲವಲ್ಲ, ಅದು ಸಹಜವೇ. ಆದರೆ ದುಡ್ಡು ತೆಗೆದುಕೊಂಡ ಆ್ಯಪ್ ಈ ಕೆಲಸ ತಾನೇ ಮಾಡಬೇಕಿತ್ತು.

ಆರ್ಟಿಕಲ್ ಪಾಠದಲ್ಲಿ ತಪ್ಪೇ ಇದೆ. ಎ, ಇ, ಐ, ಓ, ಯು ಅಕ್ಷರಗಳ ಮುಂದೆ 'ಆ್ಯನ್' ಅಂತ ಬರೆದಿದ್ದಾರೆ. ನೋಡಬೇಕಾದ್ದು ಅಕ್ಷರವನ್ನಲ್ಲ, ಉಚ್ಚಾರವನ್ನು. 'ಯೂನಿವರ್ಸಿಟಿ' ಯು ಅಕ್ಷರದಿಂದ ಶುರುವಾದರೂ ಬಾಯಲ್ಲಿ ಬರುವುದು ಯಕಾರ, ಹಾಗಾಗಿ 'ಎ ಯೂನಿವರ್ಸಿಟಿ'. 'ಅವರ್' ಅನ್ನುವಾಗ ಹೆಚ್ ಅಕ್ಷರ ಸದ್ದು ಮಾಡುವುದಿಲ್ಲ, ಹಾಗಾಗಿ 'ಆ್ಯನ್ ಅವರ್'. ಅವರದೇ ಪ್ರಶ್ನೆಯೊಂದರಲ್ಲಿ 'ಎ ಯೂನಿವರ್ಸಿಟಿ' ಸರಿ ಅಂತ ಬರುತ್ತದೆ. ಪಾಠ ನಂಬಿದವರು ಅಲ್ಲಿ ಏನು ಮಾಡಬೇಕು? ಇನ್ನೊಂದು ಕಡೆ 'ನನ್ ಆಫ್ ದಿ ಸ್ಟೂಡೆಂಟ್ಸ್ ಆರ್' ತಪ್ಪು, 'ಈಸ್' ಮಾತ್ರ ಸರಿ ಅಂತ ಹಠ ಹಿಡಿದಿದ್ದಾರೆ. ಎರಡೂ ಬಳಕೆಯಲ್ಲಿವೆ. ನಾನು ಎರಡನ್ನೂ ವಿವರವಾಗಿ ಬರೆದು ಕಳಿಸಿದೆ. 'ನಿಮ್ಮ ಸಲಹೆಗೆ ಧನ್ಯವಾದ' ಅಂತ ಯಂತ್ರದ ಉತ್ತರ ಬಂತು. ನನ್ನ ಚಂದಾ ಮುಗಿಯುವವರೆಗೂ ಏನೂ ಬದಲಾಗಲಿಲ್ಲ. ಕಲಿಯುವವರಿಗೆ ಇದು ಅನ್ಯಾಯ. ಉತ್ತರ ತಪ್ಪಿದೆ ಅಂತ ಗುರುತಿಸುವಷ್ಟು ಗ್ರಾಮರ್ ಗೊತ್ತಿದ್ದರೆ ಅವರು ಆ್ಯಪ್‌ಗೆ ಯಾಕೆ ಬರುತ್ತಿದ್ದರು?

ಇನ್ನು ಮಾಕ್ ಟೆಸ್ಟ್. ಇಲ್ಲಿ ಪ್ರತಿ ಪ್ರಶ್ನೆಗೂ ಬೇರೆ ಗಡಿಯಾರ. ಸಮಯ ಮುಗಿದರೆ ಪ್ರಶ್ನೆ ಮಾಯ. ನಿಜವಾದ ಪರೀಕ್ಷೆಯಲ್ಲಿ 25 ನಿಮಿಷ ಇಡೀ ವಿಭಾಗಕ್ಕೆ. ಸುಲಭದ್ದನ್ನು ಹತ್ತೇ ಸೆಕೆಂಡಿನಲ್ಲಿ ಮುಗಿಸಿ, ಉಳಿಸಿದ ಸಮಯವನ್ನು ಕಷ್ಟದ್ದಕ್ಕೆ ಹಾಕುವುದು ಇಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ. ಆ್ಯಪ್ ಅದಕ್ಕೇ ಅಡ್ಡ ಬರುತ್ತದೆ. ಅದಕ್ಕಿಂತ ಕೆಟ್ಟದ್ದು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಐಟಿಪಿಯಲ್ಲಿ ನೆಗೆಟಿವ್ ಮಾರ್ಕ್ ಇಲ್ಲ. ಗೊತ್ತಿಲ್ಲದಿದ್ದರೂ ಒಂದನ್ನು ಗುರುತು ಹಾಕಲೇಬೇಕು, ಒಂದನ್ನೂ ಖಾಲಿ ಬಿಡಬಾರದು. ಇವರ ಟೆಸ್ಟ್‌ಗಳನ್ನು ಮಾಡಿ ಮಾಡಿ ಖಾಲಿ ಬಿಡುವ ಅಭ್ಯಾಸ ಬಂದರೆ ಅಂಕ ಸುಮ್ನೆ ಕೈತಪ್ಪುತ್ತದೆ. ಸಾಲದ್ದಕ್ಕೆ, ಗ್ರಾಮರ್ ಒಂದನ್ನೇ ನೋಡಿ '677ಕ್ಕೆ ನಿಮಗೆ ಇಷ್ಟು ಬರಬಹುದು' ಅಂತ ಭವಿಷ್ಯ ಹೇಳುತ್ತಾರೆ. ಆ ಅಂಕದಲ್ಲಿ ಲಿಸನಿಂಗ್, ರೀಡಿಂಗ್ ಎರಡೂ ಸೇರಿರುತ್ತವೆ. ಅವನ್ನು ಪರೀಕ್ಷಿಸದೆ ಈ ಸಂಖ್ಯೆ ಎಲ್ಲಿಂದ ಬಂತು? ಅದನ್ನು ನೋಡಿ ಹಿಗ್ಗಲೂ ಬೇಡಿ, ಕುಗ್ಗಲೂ ಬೇಡಿ.

ಐಇಎಲ್‌ಟಿಎಸ್ ಅನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆಗೆ ಇದು ಉಪಯೋಗವಾಗುತ್ತದೆಯಾ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ನೇರವಾಗಿ ಆಗುವುದಿಲ್ಲ. ಅಲ್ಲಿ ಬಿಟ್ಟ ಜಾಗ ತುಂಬುವ ಗ್ರಾಮರ್ ಪತ್ರಿಕೆಯೇ ಇಲ್ಲ. ರೈಟಿಂಗ್ ಮತ್ತು ಸ್ಪೀಕಿಂಗ್‌ನಲ್ಲಿ ಅಂಕ ಕೊಡುವ ನಾಲ್ಕು ಅಂಶಗಳಲ್ಲಿ ಗ್ರಾಮರ್ ಒಂದು, ಅಂದರೆ ಕಾಲು ಭಾಗ. ರೈಟಿಂಗ್‌ನ ಎರಡನೇ ಟಾಸ್ಕ್‌ನಲ್ಲಿ ಸುಮಾರು 40 ನಿಮಿಷದಲ್ಲಿ ಕನಿಷ್ಠ 250 ಪದ ನೀವೇ ಬರೆಯಬೇಕು. ಬೇರೆಯವರ ವಾಕ್ಯದಲ್ಲಿ ತಪ್ಪು ಗುರುತಿಸಲು ಬಂದ ಮಾತ್ರಕ್ಕೆ ಸರಿಯಾದ ವಾಕ್ಯ ನಮ್ಮ ಕೈಯಿಂದ ತಾನಾಗಿ ಬರುವುದಿಲ್ಲ. ಆದರೂ ಮೊದಲರ್ಧದ ಪಾಠಗಳನ್ನು ಬೇರೆ ರೀತಿಯಲ್ಲಿ ಬಳಸಬಹುದು. ಪಾಠದಲ್ಲಿ ಬಂದ ವಾಕ್ಯದ ಅಚ್ಚು ಇಟ್ಟುಕೊಂಡು ನನ್ನ ಕೆಲಸದ ಬಗ್ಗೆ ನಾನೇ ಒಂದು ವಾಕ್ಯ ಬರೆಯುತ್ತಿದ್ದೆ. 'ದಿ ಸ್ಯಾಂಪಲ್ಸ್ ಕಲೆಕ್ಟೆಡ್ ಯೆಸ್ಟರ್ಡೇ ಆರ್ ರೆಡಿ' ಅಂತ. ಈಗ ಆಫೀಸಿನ ಇಮೇಲ್ ಬರೆಯುವಾಗ ಅಂಥ ವಾಕ್ಯಗಳು ತಡವರಿಸದೆ ಬರುತ್ತವೆ. ಪರೀಕ್ಷೆಯ ಅಂಕಕ್ಕಿಂತ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದು.

ಉಳಿದಂತೆ, ಇಂಟರ್ನೆಟ್ ಇಲ್ಲದೆಯೂ ಪಾಠ ತೆರೆಯುತ್ತದೆ, ಜಾಹೀರಾತಿಲ್ಲ. ಅಕ್ಷರ ಚಿಕ್ಕದು, ದೊಡ್ಡದು ಮಾಡಲು ಆಗುವುದಿಲ್ಲ. ಅಡಿಗೆರೆ ಕಾಣಲು ಫೋನನ್ನು ಅಡ್ಡ ಹಿಡಿಯಬೇಕು.

ಕೊಳ್ಳುವುದಾದರೆ ವರ್ಷದ ಚಂದಾ ಬೇಡ, ಒಂದು ತಿಂಗಳಿಗೆ ಕಟ್ಟಿ. ಸ್ಟ್ರಕ್ಚರ್ ಪಾಠಗಳನ್ನೆಲ್ಲ ಮುಗಿಸಲು ಅಷ್ಟು ಸಾಕು. ರಿಟನ್ ಎಕ್ಸ್‌ಪ್ರೆಶನ್‌ಗೆ ಪರೀಕ್ಷೆ ನಡೆಸುವ ಇಟಿಎಸ್‌ನವರೇ ಕೊಡುವ ಮಾದರಿ ಪ್ರಶ್ನೆಗಳಿಂದ ಶುರು ಮಾಡಿ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಮಾಕ್ ಟೆಸ್ಟ್‌ಗೆ 40 ಪ್ರಶ್ನೆ ಒಟ್ಟು ಮಾಡಿ, ಫೋನಿನಲ್ಲಿ 25 ನಿಮಿಷದ ಅಲಾರಂ ಇಟ್ಟು ಕೂತರೆ ಆಯಿತು. ಚಂದಾ ತಾನಾಗಿ ಮುಂದುವರಿಯುವ ಆಯ್ಕೆ ಮೊದಲೇ ಆನ್ ಆಗಿರುತ್ತದೆ. ಕಟ್ಟಿದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ. ಆಫ್ ಮಾಡಿದರೂ ತಿಂಗಳು ಮುಗಿಯುವವರೆಗೆ ಪಾಠಗಳು ತೆರೆಯುತ್ತವೆ.