ಮಗಳು ಕಾಪಿ ಮಾಡಿ ಕೊಟ್ಟ ಒಂದು ಸಾಲು

ಮನೆಯಲ್ಲಿ ರೋಬ್ಲಾಕ್ಸ್ ಆಡುವ ಮಕ್ಕಳಿದ್ದರೆ ಇದನ್ನು ಓದಿ. ಪಾಸ್‌ವರ್ಡ್ ಯಾರಿಗೂ ಹೇಳಿರಲಿಲ್ಲ, ಓಟಿಪಿ ಕೊಟ್ಟಿರಲಿಲ್ಲ. ಆದರೂ ನನ್ನ ಮಗಳ ಅಕೌಂಟ್ ಒಂದೇ ಸಂಜೆಯಲ್ಲಿ ಖಾಲಿಯಾಯಿತು.

ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ರೋಬ್ಲಾಕ್ಸ್ ಅನ್ನೋದು ಒಂದು ಆಟವಲ್ಲ. 2006ರಿಂದ ಇರುವ ಈ ಜಾಗದಲ್ಲಿ ಲಕ್ಷಗಟ್ಟಲೆ ಆಟಗಳಿವೆ. ಅವನ್ನು ಮಾಡುವವರೂ ಆಡುವವರೇ. ಆಟ ಕಟ್ಟೋಕೆ ಸ್ಟುಡಿಯೋ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. 11 ವರ್ಷದ ನನ್ನ ಮಗಳು ಬೇಸಿಗೆ ರಜೆಯಲ್ಲಿ ಅದರಲ್ಲೇ ಒಂದು ಓಬಿ ಮಾಡಿದ್ದಳು. ಓಬಿ ಅಂದರೆ ಅಡ್ಡ ಬಂದದ್ದನ್ನೆಲ್ಲ ಹಾರಿಕೊಂಡು ಹೋಗುವ ಆಟ. ಕೆಂಪು ಇಟ್ಟಿಗೆ ಮುಟ್ಟಿದರೆ ಸಾಯಬೇಕು. ಅದಕ್ಕೆ ಬೇಕಾದ ಏಳೆಂಟು ಸಾಲಿನ ಕೋಡನ್ನು ಎಲ್ಲಿಂದಲೋ ಕಾಪಿ ಮಾಡಿ ತಂದು, ಅಂಟಿಸಿ, ತಾನೇ ಹತ್ತಾರು ಸಲ ಸತ್ತು ನೋಡಿ ಸರಿ ಮಾಡಿದಳು. ನನಗೋ ಹೆಮ್ಮೆ. ಕೋಡಿಂಗ್ ಕ್ಲಾಸಿನ ಫೀಸು ಉಳಿಯಿತು ಅಂದುಕೊಂಡು ಲ್ಯಾಪ್‌ಟಾಪ್ ಅವಳ ಕೈಗೆ ಬಿಟ್ಟೆ.

ಹಾಗಂತ ನಾನೇನೂ ಕಣ್ಣು ಮುಚ್ಚಿ ಕೂತಿರಲಿಲ್ಲ. ಟೂ ಸ್ಟೆಪ್ ವೆರಿಫಿಕೇಶನ್ ಹಾಕಿದ್ದೆ. ತಿಂಗಳಿಗೆ ಇಷ್ಟೇ ಖರ್ಚು ಅಂತ ಮಿತಿ ಇಟ್ಟಿದ್ದೆ. 13 ವರ್ಷದೊಳಗಿನ ಮಕ್ಕಳಿಗೆ ಆಟದ ಹೊರಗೆ ನೇರ ಮೆಸೇಜ್ ಮಾಡುವುದನ್ನು 2024ರ ನವೆಂಬರ್‌ನಲ್ಲೇ ನಿಲ್ಲಿಸಿದ್ದಾರೆ ಅನ್ನೋ ಧೈರ್ಯವೂ ಇತ್ತು. ಕಳ್ಳ ಬಂದದ್ದು ಬೇರೆ ಬಾಗಿಲಿಂದ.

ಅವಳಿಗೆ ಒಂದು ವಿಡಿಯೋ ಸಿಕ್ಕಿತ್ತು. ಯಾವ ಆಟ ಇಷ್ಟವೋ ಅದನ್ನು ಪೂರ್ತಿ ಕಾಪಿ ಮಾಡಿ ನಿಮ್ಮ ಸ್ಟುಡಿಯೋಗೆ ತಂದುಕೊಳ್ಳಿ ಅನ್ನೋದು ಅದರ ಸಾರ. ಬ್ರೌಸರ್‌ನಲ್ಲಿ ರೈಟ್ ಕ್ಲಿಕ್ ಮಾಡಿ, ಇನ್‌ಸ್ಪೆಕ್ಟ್ ಒತ್ತಿ, ಕುಕೀಸ್ ಅಂತ ಇರುವಲ್ಲಿ ಹೋಗಿ ಒಂದು ಉದ್ದನೆಯ ಸಾಲನ್ನು ಕಾಪಿ ಮಾಡಿ ನಮ್ಮ ಪೇಜಿನ ಡಬ್ಬಿಗೆ ಅಂಟಿಸಿ ಅಂದರು. ಅಂಟಿಸಿದಳು. ಕಾಪಿ ಮಾಡಿ ಅಂಟಿಸೋದು ಅವಳಿಗೆ ದಿನಾ ಮಾಡುವ ಕೆಲಸ ಅಲ್ವಾ? ನಾನು ಪಕ್ಕದಲ್ಲಿದ್ದರೂ ಏನೋ ಕಲೀತಾ ಇದ್ದಾಳೆ ಅಂದುಕೊಂಡು ಸುಮ್ನಿರ್ತಿದ್ದೆ.

ಆ ಸಾಲು ಏನು ಗೊತ್ತಾ? ಪಾರ್ಕಿನಲ್ಲಿ ಒಂದು ಸಲ ಟಿಕೆಟ್ ತೋರಿಸಿದ ಮೇಲೆ ಕೈಗೆ ಸೀಲ್ ಹೊಡೀತಾರಲ್ಲ, ಹಾಗೆ. ಸೀಲ್ ಇದ್ದವರನ್ನು ಮತ್ತೆ ಟಿಕೆಟ್ ಕೇಳೋದಿಲ್ಲ. ಅದು ಸಿಕ್ಕರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಆಮೇಲೆ ನಾನೇ ಅದನ್ನು ತೆರೆದು ನೋಡಿದೆ. ಶುರುವಾಗೋದೇ ಎಚ್ಚರಿಕೆಯಿಂದ: ಇದನ್ನು ಯಾರಿಗೂ ಕೊಡಬೇಡಿ, ಕೊಟ್ಟರೆ ಅವರು ನಿಮ್ಮ ಹೆಸರಲ್ಲಿ ಒಳಗೆ ಬಂದು ನಿಮ್ಮ ರೋಬಕ್ಸ್ (ರೋಬ್ಲಾಕ್ಸ್‌ನಲ್ಲಿ ನಡೆಯುವ ದುಡ್ಡು), ಸಾಮಾನು ಕದಿಯಬಹುದು ಅಂತ ಇಂಗ್ಲಿಷಿನಲ್ಲಿ ಇದೆ. ಮಗಳು ಆ ಎಚ್ಚರಿಕೆಯನ್ನೂ ಸೇರಿಸಿಯೇ ಕಾಪಿ ಮಾಡಿ ಕೊಟ್ಟಿದ್ದಳು.

ಹೋದದ್ದು ಹುಟ್ಟುಹಬ್ಬಕ್ಕೆ ಹಾಕಿಸಿಕೊಟ್ಟ ರೋಬಕ್ಸ್, ಜೊತೆಗೆ ಪ್ರಾಣಿ ಸಾಕುವ ಅಡಾಪ್ಟ್ ಮಿ ಆಟದಲ್ಲಿದ್ದ ಅವಳ ನಿಯಾನ್ ಯೂನಿಕಾರ್ನ್, ಅಂದರೆ ಹೊಳೆಯುವ ಒಂಟಿಕೊಂಬಿನ ಕುದುರೆ. ದೊಡ್ಡವರಿಗೆ ಇದು ತಮಾಷೆ ಅನ್ನಿಸಬಹುದು. ಆದರೆ ಒಂದು ನಿಯಾನ್ ಬೇಕೆಂದರೆ ಒಂದೇ ಜಾತಿಯ ನಾಲ್ಕು ಪ್ರಾಣಿಗಳನ್ನು ಮರಿಯಿಂದ ಸಾಕಿ, ಊಟ ಕೊಟ್ಟು, ಸ್ನಾನ ಮಾಡಿಸಿ, ಮಲಗಿಸಿ ದೊಡ್ಡದು ಮಾಡಬೇಕು. ಆಮೇಲೆ ನಾಲ್ಕನ್ನೂ ಸೇರಿಸಬೇಕು. ತಿಂಗಳುಗಟ್ಟಲೆ ಸ್ಕೂಲಿಂದ ಬಂದು ಬ್ಯಾಗ್ ಇಡೋಕೂ ಮೊದಲು ಅವಕ್ಕೆ ಊಟ ಹಾಕ್ತಿದ್ದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ನಿಮ್ಮ ಮನೆಯಲ್ಲಿ ಹೀಗಾದರೆ ತಕ್ಷಣ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿಗೆ ಹೋಗಿ, ಬೇರೆ ಎಲ್ಲ ಕಡೆಯಿಂದ ಸೈನ್ ಔಟ್ ಆಗುವ ಬಟನ್ ಒತ್ತಿ. ಹಳೇ ಸೀಲ್ ಆಗ ಅಳಿಸಿಹೋಗುತ್ತೆ. ಪಾಸ್‌ವರ್ಡನ್ನೂ ಬದಲಿಸಿ. ಕಾರ್ಡಿಂದ ಅಥವಾ ಯುಪಿಐಯಿಂದ ದುಡ್ಡೂ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು ವಿಷಯ. ಆಟ ಮಾಡಿ ದುಡ್ಡು ಮಾಡಬಹುದು ಅಂತ ಮಕ್ಕಳು ಕನಸು ಕಟ್ಟಿರ್ತಾರೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಗಳಿಸಿದ ರೋಬಕ್ಸನ್ನು ನಿಜವಾದ ಹಣ ಮಾಡಿಕೊಳ್ಳೋಕೆ ಕನಿಷ್ಠ 30,000 ರೋಬಕ್ಸ್ ಇರಬೇಕು, 13 ವರ್ಷ ತುಂಬಿರಬೇಕು. ಅದೂ ಕೊಳ್ಳುವಾಗ ಇರುವ ರೇಟು ಬೇರೆ, ಮಾರುವಾಗ ಸಿಗುವುದು ತೀರಾ ಕಡಿಮೆ. ರಾತ್ರೋರಾತ್ರಿ ಇನ್ನೊಬ್ಬರ ಆಟ ಕಾಪಿ ಮಾಡುವ ವಿಡಿಯೋ ಹಿಂದೆ ಮಕ್ಕಳು ಬೀಳೋದು ಈ ಆಸೆಯಿಂದಲೂ ಹೌದು.

ನಾನು ಸ್ಟುಡಿಯೋ ತೆಗೆಸಿಲ್ಲ. ಲ್ಯಾಪ್‌ಟಾಪ್ ಮಾತ್ರ ಈಗ ಅಡುಗೆಮನೆ ಪಕ್ಕದ ಟೇಬಲ್ ಮೇಲಿದೆ. ಆ ವಿಡಿಯೋ ಬಗ್ಗೆ ರಿಪೋರ್ಟ್ ಮಾಡಿದೆ, ತೆಗೆದರು. ಮೊನ್ನೆ ನೋಡಿದರೆ ಅದೇ ವಿಡಿಯೋ ಬೇರೆ ಹೆಸರಲ್ಲಿ ಮತ್ತೆ ಬಂದಿದೆ. ಈ ಸಲ ಆಟ ಅಲ್ಲ, ಅವತಾರದ, ಅಂದರೆ ಆಟದೊಳಗಿನ ಗೊಂಬೆಯ ಬಟ್ಟೆ ಕಾಪಿ ಮಾಡಿಕೊಡ್ತಾರಂತೆ.